ಹೊಸ ಗೇಮ್ ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಯಂತ್ರ) ಬಂದಾಗ ಎಷ್ಟು ತರಿಸೋದು? ಮೊದಲ ಬೆಲೆ ನೋಡಿ ಬೇಡಿಕೆ ಅಂದಾಜು ಮಾಡಬಹುದಾ?

ಘಟ್ಟದಮೇಲೆ: ಶಿರಸಿಯಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿ. ಮುಂದಿನ ತಲೆಮಾರಿನ ಕನ್ಸೋಲ್ ಬಂದ ವಾರವೇ ಮಾರಬೇಕೆಂದಿದೆ. ಹತ್ತು ತರಿಸಿಟ್ಟ ಮೇಲೆ ಬೆಲೆ ಇಳಿದರೆ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಡಿಸ್ಕ್ ಇಲ್ಲದ ಅಗ್ಗದ ಮಾದರಿ ಇಲ್ಲಿ ಹೋಗುತ್ತದಾ?

ಸದಾಶಿವಗಡ: ಒಂಟಿ ಬೆಲೆ ಏನೂ ಹೇಳೋದಿಲ್ಲ, ಎದುರಾಳಿಯ ಬೆಲೆ ಪಕ್ಕದಲ್ಲಿಟ್ಟು ನೋಡಿ. 2006ರಲ್ಲಿ ಸೋನಿಯ ಪ್ಲೇಸ್ಟೇಷನ್ 3 (ಪಿಎಸ್3) ಅಮೆರಿಕಕ್ಕೆ ಬಂದದ್ದು 499 ಮತ್ತು 599 ಡಾಲರಿಗೆ. ವರ್ಷ ಮೊದಲೇ ಬಂದಿದ್ದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360ರ ಬೆಲೆ 299 ಮತ್ತು 399, ಪಿಎಸ್3 ಬಂದು ಎರಡೇ ದಿನ ಬಿಟ್ಟು ಬಂದ ನಿಂಟೆಂಡೊದ ವೀ 250. ಅದರೊಳಗಿನ ಬ್ಲೂ-ರೇ ಡಿಸ್ಕ್ ಡ್ರೈವ್, ಸೆಲ್ ಎಂಬ ಚಿಪ್‌ನ ಖರ್ಚು ಎಷ್ಟಿತ್ತೆಂದರೆ ಆ ಬೆಲೆಗೂ ಸೋನಿಗೆ ನಷ್ಟವೇ. ಪಿಎಸ್3ರ ತೆಳು ಮಾದರಿ 299ಕ್ಕೆ ಬಂದದ್ದು 2009ರಲ್ಲಿ.

2013ರದ್ದು ಇನ್ನೂ ಸ್ಪಷ್ಟ. ಪಿಎಸ್4 399, ಎಕ್ಸ್‌ಬಾಕ್ಸ್ ಒನ್ 499. ಆ ಹೆಚ್ಚಿನ ನೂರು ಡಾಲರು ಬೇಕೋ ಬೇಡವೋ ಕೇಳದೆ ಜೊತೆಗೆ ಕಟ್ಟಿದ್ದ ಕೈನೆಕ್ಟ್ ಕ್ಯಾಮೆರಾಕ್ಕೆ. ಮುಂದಿನ ಜೂನಿನಲ್ಲಿ ಅದನ್ನು ತೆಗೆದು 399 ಮಾಡಿದರು, ಅಷ್ಟರಲ್ಲಿ ಗೆಳೆಯರೆಲ್ಲ ಪಿಎಸ್4ರಲ್ಲಿ ಕೂತಾಗಿತ್ತು. ಆನ್‌ಲೈನ್ ಆಟ ಅಂದ ಮೇಲೆ ಗೆಳೆಯರಿದ್ದಲ್ಲೇ ಹೊಸಬರೂ ಹೋಗ್ತಾರೆ.

ಬೆಲೆ ಇಳಿಯುವ ನಿಮ್ಮ ಹೆದರಿಕೆಗೆ ಉದಾಹರಣೆ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ 3ಡಿಎಸ್. 2011ರ ಮಾರ್ಚಿನಲ್ಲಿ 250 ಡಾಲರು, ಆಗಸ್ಟಿನಲ್ಲಿ 170. ಮೊದಲು ಕೊಂಡವರ ಸಿಟ್ಟು ತಣಿಸಲು 20 ಹಳೆಯ ಆಟ ಪುಕ್ಕಟೆ ಕೊಡಬೇಕಾಯಿತು.

ಅಘನಾಶಿನಿ: ಮೇಲಿನದೆಲ್ಲ ಸರಿ, ಆದರೆ ಈಗ ಇಳಿಯುವ ಕಾಲ ಹೋಯ್ತು ಮಾರಾಯ್ರೇ. ಮೊದಲೆಲ್ಲ ಚಿಪ್ ಚಿಕ್ಕದಾದ ಹಾಗೆ ತಯಾರಿ ಖರ್ಚೂ ಕಡಿಮೆಯಾಗ್ತಿತ್ತು, ಈಗ ಹಾಗಾಗ್ತಿಲ್ಲ. ಪಿಎಸ್5 ಡಿಸ್ಕ್ ಮಾದರಿ ಭಾರತಕ್ಕೆ 2021ರ ಫೆಬ್ರವರಿಯಲ್ಲಿ 49,990ಕ್ಕೆ ಬಂತು, 2022ರ ನವೆಂಬರಿನಲ್ಲಿ 54,990 ಆಯ್ತು. ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿ 39,990ರಿಂದ 44,990. ಮೊದಲ ತಿಂಗಳುಗಳಲ್ಲಿ ಕಾಡೋದು ಮಾಲು ಸಿಗದಿರೋದು, ಬೆಲೆಯಲ್ಲ. ಆದ್ದರಿಂದ ಮುಂಗಡ ಕೊಟ್ಟವರ ಲೆಕ್ಕಕ್ಕೆ ಒಂದೋ ಎರಡೋ ಸೇರಿಸಿ ತರಿಸಿ, ಹತ್ತು ಬೇಡ. ಇನ್ನು ಅಡಿಕೆ ಊರು. ಚಾಲಿ (ಒಣಗಿಸಿದ ಹಣ್ಣಡಿಕೆ) ಒಣಗಿ ಮಾರದೆ ದುಡ್ಡು ಕೈಗೆ ಬರೋದಿಲ್ಲ, ದೀಪಾವಳಿಗೆ ಬಂದು ವಿಚಾರಿಸಿ ಹೋದವರು ಬೇಸಿಗೆಗೆ ಕೊಳ್ಳಬಹುದು.

ಡಿಸ್ಕ್ ಮಾದರಿಯನ್ನೇ ಇಡಿ. 2022ರ ಆ ಬೆಲೆಯಲ್ಲಿ ವ್ಯತ್ಯಾಸ ಹತ್ತು ಸಾವಿರ ನಿಜ. ಆದರೆ ಸೋನಿಯ ದೊಡ್ಡ ಆಟಕ್ಕೆ ಆಗ 4,999 ಇತ್ತು, ಆಡಿ ಮುಗಿಸಿ ಡಿಸ್ಕ್ ಅರ್ಧಕ್ಕೆ ಮಾರಿದರೂ ನಾಲ್ಕು ಆಟಕ್ಕೆ ಆ ಹಣ ವಾಪಸ್. ಡಿಜಿಟಲ್‌ನಲ್ಲಿ ಮಾರುವ ಮಾತೇ ಇಲ್ಲ. 100 ಜಿಬಿ ಆಟ 10 ಎಂಬಿಪಿಎಸ್ ಲೈನಿನಲ್ಲಿ ಇಳಿಯಲು ಸುಮಾರು 22 ಗಂಟೆ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹರಿದರೆ ಅದೂ ಇಲ್ಲ.

ಘಟ್ಟದಮೇಲೆ: ಜೊತೆಗೆ ಯುಪಿಎಸ್ ಮಾರೋದಾದರೆ ಎಷ್ಟರದ್ದು?

ಸದಾಶಿವಗಡ: ಆಡುವಾಗ ಪಿಎಸ್5 ಸುಮಾರು 200 ವಾಟ್ ಎಳೆಯುತ್ತದೆ, ಟಿವಿಗೆ ಇನ್ನೊಂದು ನೂರು. 600 ವಿಎ ಎಂದು ಬರೆದ ಯುಪಿಎಸ್‌ನಿಂದ ಸಿಗೋದು 360 ವಾಟ್ ಆಸುಪಾಸು, ಬ್ಯಾಟರಿ ಸ್ವಲ್ಪ ಹಳತಾದರೆ ಸಾಲೋದಿಲ್ಲ. 1000 ವಿಎ ಕೊಡಿ. ರೆಸ್ಟ್ ಮೋಡ್ (ಪೂರ್ತಿ ಆರದೆ ಅರೆನಿದ್ದೆಯಲ್ಲಿರೋದು) ಬಂದ್ ಮಾಡಿಕೊಟ್ಟೇ ಕಳಿಸಿ, ಅದರಲ್ಲಿರುವಾಗ ಕರೆಂಟ್ ಹೋದರೆ ಉಳಿಸಿಟ್ಟ ಆಟ ಹಾಳಾಗಬಹುದು.