80 ಕಿಮೀ ವೇಗ ದಾಟಿದರೆ ಕಾರಿನ ಸ್ಟೇರಿಂಗ್ ನಡುಗುತ್ತದೆ, ನಿಮ್ಮ ಅನುಭವ ಹೇಳಿ

ಹಾಸನದಿಂದ ಪ್ರಶ್ನೆ: 2011ರ ಡೀಸೆಲ್ ಹ್ಯಾಚ್‌ಬ್ಯಾಕ್, 1,40,000 ಕಿಮೀ ಓಡಿದೆ. 80ರಿಂದ 100ರವರೆಗೆ ಸ್ಟೇರಿಂಗ್ ನಡುಗುತ್ತದೆ, ಆಮೇಲೆ ಕಮ್ಮಿ. ಬ್ರೇಕ್ ಹಾಕಿದಾಗ ಏನೂ ಇಲ್ಲ. ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿದ್ದೇನೆ. ಎಲ್ಲಿಂದ ಶುರು ಮಾಡಲಿ?

ತುಮಕೂರು: ನಮ್ಮದೂ ಇದೇ ಗೋಳು ಸಾರ್. ಗ್ಯಾರೇಜಿನವರು ಮೊದಲು ಲೋವರ್ ಆರ್ಮ್ (ಮುಂದಿನ ಚಕ್ರ ಹಿಡಿದಿಡುವ ತೋಳು) ಎರಡೂ ಹೋಗಿದೆ ಅಂದರು, 4,200 ರೂಪಾಯಿ. ಆಮೇಲೆ ಲಿಂಕ್ ರಾಡ್ 1,300, ಟೈ ರಾಡ್ ಎಂಡ್ 1,100, ಅಲೈನ್‌ಮೆಂಟ್ 450. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಬೇರೆ ಕಡೆ ಹಳೇ ಮೇಸ್ತ್ರಿಯೊಬ್ಬರು ಪಕ್ಕ ಕೂತು ಕೇಳಿದ್ದು ಒಂದೇ: ಆಕ್ಸಿಲರೇಟರ್ ಬಿಟ್ಟರೆ ನಿಲ್ಲುತ್ತಾ? ಬಿಟ್ಟ ತಕ್ಷಣ ನಿಂತಿತು. ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್‌ನ ಒಳಗಿನ ಜಾಯಿಂಟ್ ಸವೆದಿತ್ತು. ಬಿಚ್ಚಿ ತೋರಿಸಿದರು, ರೋಲರ್ ಓಡಾಡುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ತಗ್ಗು. ಗ್ರೀಸ್ ಕಪ್ಪಗೆ ನೀರಾಗಿತ್ತು. ಶಾಫ್ಟ್ 6,800, ಗೇರ್ ಆಯಿಲ್ ಮತ್ತು ಕೂಲಿ 1,900. ಮೊದಲು ಶಾಫ್ಟ್ ನೋಡಿಸಿ.

ಸಕಲೇಶಪುರ: ಸುಮ್ನೆ ಶಾಫ್ಟ್ ಬಿಚ್ಚಿಸಬೇಡಿ. ಮಳೆಗಾಲದಲ್ಲಿ ನಮ್ಮ ತೋಟದ ರಸ್ತೆಯ ಕೆಸರು ರಿಮ್ಮಿನ ಒಳಮೈಗೆ ಮೆತ್ತಿಕೊಂಡು ಒಣಗುತ್ತದೆ. ಅಷ್ಟಕ್ಕೇ ಗಾಡಿ ನಡುಗುತ್ತದೆ. ಅದನ್ನು ಕೆರೆದು ತೆಗೆದರೂ ನನ್ನ ಕಾರು ಸರಿಹೋಗಲಿಲ್ಲ. ಬ್ಯಾಲೆನ್ಸಿಂಗ್ ಮೆಷಿನ್ ಸೊನ್ನೆ ತೋರಿಸಿತ್ತು, ಆದರೆ ಚಕ್ರ ತಿರುಗಿಸಿ ಕೈ ಇಟ್ಟರೆ ಒಂದು ಕಡೆ ಟೈರು ಉಬ್ಬಿತ್ತು. ಒಳಗಿನ ಬೆಲ್ಟ್ ಬಿಟ್ಟಿತ್ತು. ಬಟನ್ (ಮೇಲಿನ ಹಲ್ಲು) ಇನ್ನೂ ಮುಕ್ಕಾಲು ಇದೆ ಅಂತ ಎಲ್ಲರೂ ಹೊಗಳಿದ ಟೈರು ಅದು! ಎರಡು ಟೈರಿಗೆ 9,600, ಒಂದು ರಿಮ್ ಬೆಂಡ್ ತೆಗೆಸಲು 500. ಈಗ ಬೆಣ್ಣೆ. ಟೈರಿನ ಪಕ್ಕದಲ್ಲಿ 2316 ಅಂತಿದ್ದರೆ 2016ರ 23ನೇ ವಾರದ್ದು, ಅದನ್ನು ನೋಡಿ.

ಬೆಂಗಳೂರು: ಇಬ್ಬರೂ ಬ್ರೇಕ್ ಡಿಸ್ಕ್ ಮರೆತಿದ್ದೀರಿ. ನನಗೆ ನೈಸ್ ರೋಡಿನಲ್ಲಿ ಬ್ರೇಕ್ ಒತ್ತಿದರೆ ಕೈಯೆಲ್ಲಾ ಅದುರುತ್ತಿತ್ತು. ಹಳೇ ಡಿಸ್ಕ್ ಸವರಿಸಲು ಲೇತ್‌ಗೆ ಕೊಡಲಿಲ್ಲ, ಬಿಡಿಭಾಗ ಸಿಗುವ ಜೆ.ಸಿ. ರೋಡಿಗೆ ಹೋಗಿ ಹೊಸ ಜೋಡಿ ತಂದೆ, ಪ್ಯಾಡ್ ಸೇರಿ 5,300.

ತುಮಕೂರು: ಬ್ರೇಕ್ ಹಾಕಿದಾಗ ಏನೂ ಇಲ್ಲ ಅಂತ ಅವರೇ ಬರೆದಿದ್ದಾರೆ. ಓದಿ ಸ್ವಾಮಿ.

ಬೆಂಗಳೂರು: ಓದಿದ್ದೇನೆ. ಹಳೇ ಗಾಡಿಯಲ್ಲಿ ಒಂದೇ ರೋಗ ಇರುತ್ತದಾ? ನಿಮ್ಮ 6,800ರ ಶಾಫ್ಟ್ ಲೋಕಲ್ ಮಾಲು ಇರಬೇಕು. ವರ್ಷದೊಳಗೆ ಜಾಯಿಂಟಿನ ರಬ್ಬರ್ ಬೂಟ್ ಹರಿದರೆ ಆಗ ಹೇಳಿ.

ತುಮಕೂರು: ಬಿಲ್ ನನ್ನ ಹತ್ತಿರ ಇದೆ, ಕಂಪನಿ ಪಾರ್ಟು. ನೋಡದೆ ಲೋಕಲ್ ಅನ್ನಬೇಡಿ.

ಹುಬ್ಬಳ್ಳಿ: ಲೋಕಲ್ ಅಂದರೆ ಯಾಕ್ರೀ ಅಷ್ಟು ಸಿಟ್ಟು? ನನ್ನ ಲೋವರ್ ಆರ್ಮ್‌ನ ಲೋಕಲ್ ಬುಷ್ (ಕೀಲಿನ ರಬ್ಬರ್) ನಾಲ್ಕು ವರ್ಷ ಬಾಳಿಕೆ ಬಂದಿವೆ. ಕಂಪನಿಯವರು ಆರ್ಮ್‌ಗೆ ಬುಷ್ ಬೇರೆ ಕೊಡುವುದಿಲ್ಲ, ಇಡೀ ಆರ್ಮ್ ತಗೊಳ್ಳಿ ಅಂತಾರೆ. ಹಳೇ ಆರ್ಮ್‌ಗೇ ಹೊಸ ಬುಷ್ ಪ್ರೆಸ್ ಮಾಡಿಸಿದೆ, ಎರಡೂ ಕಡೆ ಸೇರಿ 1,200ಕ್ಕೆ ಮುಗಿಯಿತು.

ಸಕಲೇಶಪುರ: ಘಾಟಿಯಲ್ಲಿ ಆರ್ಮ್ ತುದಿಯ ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಗುಚುತ್ತದೆ. ಅಲ್ಲಿ 1,200ರ ಲೆಕ್ಕ ಹೇಳಬೇಡಿ.

ಹುಬ್ಬಳ್ಳಿ: ನಾನು ಹೇಳಿದ್ದು ಬುಷ್, ಬಾಲ್ ಜಾಯಿಂಟ್ ಅಲ್ಲ!

ಹಾಸನ: ಆಕ್ಸಿಲರೇಟರ್ ಬಿಟ್ಟರೂ ನಡುಕ ಇದೆ. ಟೈರಿನ ಮೇಲೆ 1415 ಅಂತಿದೆ. ಮುಂದಿನ ಚಕ್ರ ಹಿಂದಕ್ಕೆ ಹಾಕಿ ನೋಡಲಾ?

ಸಕಲೇಶಪುರ: ಹಾಕಿ ನೋಡಿ. ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಬಂದರೆ ಟೈರು ಅಥವಾ ರಿಮ್ಮೇ. ಆದರೆ ಮೆಲ್ಲಗೆ ಓಡಿಸಿ, 2015ರ ಟೈರಿನಲ್ಲಿ 100 ಮುಟ್ಟಬೇಡಿ.

ಬೆಂಗಳೂರು: ಚಕ್ರ ಬಿಚ್ಚಿದಾಗ ಡಿಸ್ಕಿನ ದಪ್ಪವನ್ನೂ ಅಳೆಸಿ. ಕನಿಷ್ಠ ಎಷ್ಟಿರಬೇಕು ಅಂತ ಹೆಚ್ಚಾಗಿ ಡಿಸ್ಕಿನ ಮೇಲೇ ಕೆತ್ತಿರುತ್ತದೆ.

ತುಮಕೂರು: ಮತ್ತೆ ಡಿಸ್ಕ್!