ಒಂದೇ ಒಂದು ಮೆದುಳು ಜ್ವರದ ಕೇಸ್ ಅಂದರೆ ಊರಲ್ಲಿ ನಿಜವಾಗಿ ಎಷ್ಟು ಜನಕ್ಕೆ ಸೋಂಕು?

ಗದ್ದೆಬದಿ:
ನಮಸ್ಕಾರ. ವಿರಾಜಪೇಟೆ ಕಡೆಯವನು, ಗ್ರಾಮ ಪಂಚಾಯಿತಿ ಸದಸ್ಯ. ಪಕ್ಕದ ತೋಟದಲ್ಲಿ ಕೆಲಸಗಾರರು ಇರುವ ಲೈನ್ ಮನೆಯ ಮಗುವೊಂದಕ್ಕೆ ಜೋರು ಜ್ವರ ಬಂದು, ಫಿಟ್ಸ್ ಆಗಿ, ಮೈಸೂರಿಗೆ ಕರೆದುಕೊಂಡು ಹೋದರು. ಅಲ್ಲಿ ಜಪಾನೀಸ್ ಎನ್‌ಸೆಫಲೈಟಿಸ್, ಅಂದರೆ ಜೆಇ, ಸೊಳ್ಳೆ ಕಚ್ಚಿ ಬರುವ ಮೆದುಳು ಜ್ವರ, ಎಂದರಂತೆ. ಮಗು ಮನೆಗೆ ಬಂದಿದೆ, ಆದರೆ ಬಲಗೈ ಸರಿಯಾಗಿ ಆಡುತ್ತಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಸಭೆಯಲ್ಲಿ ಮಾತು ತೆಗೆದರೆ "ಒಂದೇ ಕೇಸ್ ತಾನೇ, ಸುಮ್ನೆ ಯಾಕೆ ಗಾಬರಿ" ಎಂದರು. ಇನ್ನೊಬ್ಬರು ಇದು ಅಸ್ಸಾಂ ಕಡೆಯ ಕಾಯಿಲೆ, ಕೆಲಸಕ್ಕೆ ಬಂದವರು ತಂದದ್ದು ಎಂದರು. ಮತ್ತೊಬ್ಬರು ಹಂದಿಗೂಡು ಎಲ್ಲ ತೆಗೆಸಿ ಎಂದರು. ನನಗೆ ಬೇಕಾಗಿರುವುದು ಇಷ್ಟೇ: ಒಂದು ಕೇಸ್ ಅಂದರೆ ಊರಲ್ಲಿ ಸೋಂಕು ಎಷ್ಟಿರಬಹುದು ಅಂತ ಲೆಕ್ಕ ಹಾಕುವ ದಾರಿ ಇದೆಯಾ? ಎಲ್ಲರ ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆಯೇ?

ಲೆಕ್ಕದ ಮೇಷ್ಟ್ರು:
ದಾರಿ ಇದೆ, ಆದರೆ ಒಂದು ಕೇಸ್ ಇಟ್ಟುಕೊಂಡು ಗಟ್ಟಿಯಾಗಿ ಏನೂ ಹೇಳಲಾಗದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ಸೋಂಕು ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಗಂಭೀರ ಕಾಯಿಲೆ ಆಗುತ್ತದೆ ಅಂತ. ಉಳಿದವರಿಗೆ ಏನೂ ಗೊತ್ತಾಗುವುದಿಲ್ಲ, ಇಲ್ಲವೇ ಸಣ್ಣ ಜ್ವರ ಬಂದು ಹೋಗುತ್ತದೆ. ಹಾಗಾದರೆ ನಿಮ್ಮೂರಲ್ಲಿ 250 ಜನಕ್ಕೆ ಸೋಂಕು ಅಂತ ತಕ್ಷಣ ಹೇಳಿಬಿಡಬಹುದಾ? ಇಲ್ಲ. ಒಂದೇ ಕೇಸ್ ಸಿಕ್ಕಾಗ ಲೆಕ್ಕ ಎಷ್ಟು ಸಡಿಲ ಅಂದರೆ, ನಿಜವಾದ ಸಂಖ್ಯೆ ಬರೀ ಆರೇಳು ಇರಬಹುದು, 1,400ರ ಹತ್ತಿರವೂ ಇರಬಹುದು. ಅದೂ ಒಂದು ಕೇಸೂ ಕೈತಪ್ಪಿಲ್ಲ ಎಂದುಕೊಂಡರೆ.

ನಿಮ್ಮ ಸಭೆಗೆ ನಾನು ಹೇಳಬೇಕೆಂದಿರುವುದು ಇದರ ಇನ್ನೊಂದು ಮಗ್ಗುಲು. ಊರಲ್ಲಿ 250 ಜನಕ್ಕೆ ಸೋಂಕು ತಗುಲಿದೆ ಎಂದುಕೊಳ್ಳಿ. ಒಂದೂ ಗಂಭೀರ ಕೇಸ್ ಕಾಣದೇ ಇರುವ ಸಾಧ್ಯತೆ ನೂರಕ್ಕೆ 37. 750 ಜನಕ್ಕೆ ತಗುಲಿದ್ದರೂ ನೂರಕ್ಕೆ ಐದು ಸಲ ಸೊನ್ನೆಯೇ ಬರುತ್ತದೆ. ಅಂದಮೇಲೆ ಸೊನ್ನೆ ಕೇಸ್ ಇರುವ ಪಂಚಾಯಿತಿ ಕೂಡ "ನಮ್ಮಲ್ಲಿ ವೈರಸ್ ಇಲ್ಲ" ಅನ್ನುವ ಹಾಗಿಲ್ಲ. ಒಂದು ಕೇಸ್ ಕಂಡಿದೆ ಅಂದರೆ ಅದನ್ನು ಚಿಕ್ಕದು ಮಾಡುವ ಮಾತೇ ತಪ್ಪು.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲೇ ಬಂದ ಅಂದಾಜು ನೋಡಿ: ಜೆಇ ಇರುವ 24 ದೇಶಗಳಲ್ಲಿ ವರ್ಷಕ್ಕೆ ಸುಮಾರು 67,900 ಕೇಸ್. ಅದರಲ್ಲಿ ಸರ್ಕಾರಿ ಲೆಕ್ಕಕ್ಕೆ ಬರುವುದು ಹತ್ತರಲ್ಲಿ ಒಂದು ಮಾತ್ರ. ಅದರ ಪ್ರಕಾರ ಲಕ್ಷ ಜನಕ್ಕೆ ಸರಾಸರಿ 1.8 ಕೇಸ್, 15 ವರ್ಷದೊಳಗಿನ ಮಕ್ಕಳಲ್ಲಿ 5.4. ದಯವಿಟ್ಟು ಇದನ್ನು ಕೊಡಗಿನ ಐದೂವರೆ ಲಕ್ಷ ಜನಕ್ಕೆ ಗುಣಿಸಿ ವರ್ಷಕ್ಕೆ ಹತ್ತು ಕೇಸ್ ಅಂತ ಸಭೆಯಲ್ಲಿ ಹೇಳಬೇಡಿ. ಗದ್ದೆ, ಹಂದಿ, ಮಳೆ, ಲಸಿಕೆ ಎಲ್ಲವೂ ಊರಿಂದ ಊರಿಗೆ ಬದಲಾಗುತ್ತವೆ. ಸರಾಸರಿ ಅನ್ನುವುದು ಎಲ್ಲಿಗೂ ಸರಿಯಾಗಿ ಕೂರುವುದಿಲ್ಲ.

ಮಡಿಕೇರಿ ಲ್ಯಾಬ್:
ಮೇಷ್ಟ್ರು "ಕೈತಪ್ಪಿಲ್ಲ ಎಂದುಕೊಂಡರೆ" ಎಂದರಲ್ಲ, ಇರುವ ಕಷ್ಟವೆಲ್ಲ ಅಲ್ಲೇ. ನಾನು ಲ್ಯಾಬ್ ಟೆಕ್ನೀಷಿಯನ್. ಜ್ವರದ ಜೊತೆ ಪ್ರಜ್ಞೆಯಲ್ಲಿ ಏರುಪೇರು ಅಥವಾ ಹೊಸದಾಗಿ ಫಿಟ್ಸ್ ಬಂದವರನ್ನೆಲ್ಲ ಮೊದಲು ಎಇಎಸ್, ಅಂದರೆ ಮೆದುಳು ಜ್ವರದ ಶಂಕೆ, ಅಂತ ಬರೆದುಕೊಳ್ಳುತ್ತಾರೆ. ಆಮೇಲೆ ಬೆನ್ನಿನಿಂದ ತೆಗೆದ ನೀರಲ್ಲೋ ರಕ್ತದಲ್ಲೋ ಐಜಿಎಂ, ಅಂದರೆ ಹೊಸ ಸೋಂಕಿಗೆ ದೇಹ ಮಾಡಿಕೊಳ್ಳುವ ಪ್ರತಿಕಾಯದ, ಪರೀಕ್ಷೆ ಮಾಡಿದರೆ ಮಾತ್ರ ಅದು ಜೆಇ ಹೌದೋ ಅಲ್ಲವೋ ಗೊತ್ತಾಗುವುದು. ಬೆನ್ನಿನ ನೀರೇ ಒಳ್ಳೆಯದು. ಆದರೆ ಸೂಜಿ ಹಾಕಲು ಎಷ್ಟೋ ಮನೆಯವರು ಒಪ್ಪುವುದಿಲ್ಲ, ಮಗು ಲಕ್ವ ಹೊಡೆದು ಬಿದ್ದುಕೊಳ್ಳುತ್ತದೆ ಅನ್ನುವ ಭಯ. ಕಾಯಿಲೆಯ ಮೊದಲ ಒಂದೆರಡು ದಿನದಲ್ಲೇ ತೆಗೆದ ಮಾದರಿ ನೆಗೆಟಿವ್ ಬರಬಹುದು. ವಾರ, ಹತ್ತು ದಿನ ಬಿಟ್ಟು ಮತ್ತೆ ತೆಗೆಯಬೇಕು, ಅಷ್ಟರಲ್ಲಿ ಎಷ್ಟೋ ಮಂದಿ ಡಿಸ್ಚಾರ್ಜ್ ಆಗಿರುತ್ತಾರೆ. ಕೆಲವರು ತೀರಿಹೋಗಿರುತ್ತಾರೆ. ಹಾಗಾಗಿ ಸೊನ್ನೆ ಅಂತ ಕಂಡಾಗ ನಾನು ಮೊದಲು ಕೇಳುವುದು, ಎಷ್ಟು ಜನರನ್ನು ಪರೀಕ್ಷೆ ಮಾಡಿ ಬಂದ ಸೊನ್ನೆ ಇದು ಅಂತ.

ಎಲ್ಲರ ರಕ್ತದ ವಿಷಯ. ತಾತ್ವಿಕವಾಗಿ ಒಳ್ಳೆಯ ದಾರಿಯೇ. ನಮ್ಮ ದೇಶದಲ್ಲಿ ಜೆಇ ಸುಳಿವು ಮೊದಲು ಸಿಕ್ಕಿದ್ದೇ 1952ರ ರಕ್ತ ಸಮೀಕ್ಷೆಯಲ್ಲಿ. ರೋಗಿಗಳು ಗುರುತಾಗಿದ್ದು ಆಮೇಲೆ, 1955ರಲ್ಲಿ, ವೆಲ್ಲೂರು ಕಡೆ. ಒಮ್ಮೆ ಸೋಂಕಾದರೆ ಐಜಿಜಿ ಪ್ರತಿಕಾಯ ವರ್ಷಗಟ್ಟಲೆ ಉಳಿಯುತ್ತದೆ. ಐದು, ಹತ್ತು, ಹದಿನೈದು ವರ್ಷದವರನ್ನು ಬೇರೆಬೇರೆಯಾಗಿ ನೋಡಿ, ವಯಸ್ಸು ಏರಿದ ಹಾಗೆ ಪಾಸಿಟಿವ್ ಎಷ್ಟು ಏರುತ್ತದೆ ಎಂಬುದರಿಂದ ವರ್ಷಕ್ಕೆ ಎಷ್ಟು ಜನಕ್ಕೆ ಸೋಂಕು ತಗಲುತ್ತಿದೆ ಅಂತ ಅಂದಾಜು ತೆಗೆಯಬಹುದು. ತೊಂದರೆ ಏನೆಂದರೆ ಡೆಂಗಿ, ವೆಸ್ಟ್ ನೈಲ್, ನಮ್ಮ ಮಲೆನಾಡಿನ ಮಂಗನ ಕಾಯಿಲೆ ಎಲ್ಲವೂ ಇದೇ ವೈರಸ್ ಕುಟುಂಬದವು. ಡೆಂಗಿ ಬಂದುಹೋದವರ ರಕ್ತ ಜೆಇ ಪರೀಕ್ಷೆಯಲ್ಲೂ ಪಾಸಿಟಿವ್ ಆಗಬಹುದು. ಲಸಿಕೆ ಹಾಕಿಸಿಕೊಂಡ ಮಗುವೂ ಪಾಸಿಟಿವ್. ಯಾವುದು ಯಾವುದೆಂದು ಬಿಡಿಸಲು ಪಿಆರ್‌ಎನ್‌ಟಿ ಅನ್ನುವ ಪರೀಕ್ಷೆ ಬೇಕು, ಅದಕ್ಕೆ ಜೀವಂತ ವೈರಸ್ ಇಟ್ಟು ಕೆಲಸ ಮಾಡುವ ದೊಡ್ಡ ಲ್ಯಾಬೇ ಆಗಬೇಕು. ಪಂಚಾಯಿತಿ ದುಡ್ಡಲ್ಲಿ ಆಗುವ ಕೆಲಸ ಅಲ್ಲ ಇದು.

ಬಾಳುಗೋಡು ಹಂದಿಗೂಡು:
ನಮ್ಮ ಮೇಲೆ ಗೂಬೆ ಕೂರಿಸುವ ಮೊದಲು ಸ್ವಲ್ಪ ಕೇಳಿ. ಹಂದಿಯೊಳಗೆ ವೈರಸ್ ಬೆಳೆಯುತ್ತದೆ, ಅದು ನಿಜ, ಒಪ್ಪುತ್ತೇನೆ. ಆದರೆ ಗದ್ದೆಗೆ ಬರುವ ಬೆಳ್ಳಕ್ಕಿಯಲ್ಲೂ ಬೆಳೆಯುತ್ತದೆ, ಅದನ್ನು ಯಾರು ಎಲ್ಲಿಗೆ ಓಡಿಸುತ್ತಾರೆ? ಸೊಳ್ಳೆ ಹುಟ್ಟುವುದು ನಾಟಿ ಗದ್ದೆಯ ನಿಂತ ನೀರಲ್ಲಿ. ಬೇಯಿಸಿದ ಪಂದಿ ಕರಿ ತಿಂದರೆ ಈ ರೋಗ ಬರುವುದಿಲ್ಲ, ಮಗುವಿನ ಸುದ್ದಿ ಹರಡಿದ ಮೇಲೆ ಅದನ್ನೂ ಕೇಳುವವರಿದ್ದಾರೆ. ಗೂಡು ಮನೆಯಿಂದ ದೂರ ಇರಬೇಕು, ಸಂಜೆ ಹೊತ್ತು ಸೊಳ್ಳೆಪರದೆ ಬಿಡಬೇಕು ಅಂದರೆ ಮಾಡೋಣ. ಎಲ್ಲ ಕಿತ್ತುಹಾಕಿ ಅಂದರೆ ನಮ್ಮ ಹೊಟ್ಟೆಪಾಡು?

ಮಡಿಕೇರಿ ಲ್ಯಾಬ್:
ಅಣ್ಣ, ನಿಮ್ಮ ಮಾತು ಸರಿ. ನಿಜ ಹೇಳಬೇಕೆಂದರೆ ಅಂದಾಜು ಮಾಡುವುದಕ್ಕೆ ನಿಮ್ಮ ಹಂದಿಗಳೇ ಸಹಾಯಕ್ಕೆ ಬರುತ್ತವೆ. ಮಳೆಗಾಲಕ್ಕೆ ಮುಂಚೆ ಪ್ರತಿಕಾಯ ಇಲ್ಲದ ಎಳೆ ಹಂದಿಗಳ ರಕ್ತ ತೆಗೆದಿಟ್ಟು, ಆಮೇಲೆ ಆಗಾಗ ನೋಡುತ್ತಾ ಹೋದರೆ, ಅವು ಪಾಸಿಟಿವ್ ಆದ ಹೊತ್ತಿಗೆ ವೈರಸ್ ಊರಲ್ಲಿ ಓಡಾಡುತ್ತಿದೆ ಅಂತ ಗೊತ್ತಾಗುತ್ತದೆ. ಎಷ್ಟೋ ಸಲ ಜನರಲ್ಲಿ ಕೇಸ್ ಕಾಣುವ ಮೊದಲೇ. ಜನರಲ್ಲಿ ಎಷ್ಟು ಸೋಂಕು ಅಂತ ಅದು ಹೇಳುವುದಿಲ್ಲ, ಅಪಾಯ ಇದೆ ಅಂತ ಹೇಳುತ್ತದೆ. ಪಶುವೈದ್ಯ ಇಲಾಖೆಯವರು ಬಂದಾಗ ರಕ್ತ ಕೊಡಲು ನೀವು ಒಪ್ಪಿದರೆ ಅದೇ ದೊಡ್ಡ ಉಪಕಾರ.

ಇನ್ನೊಂದು. ಕೆಲಸಕ್ಕೆ ಬಂದವರು ತಂದರು ಅನ್ನುವ ಮಾತು ಬಿಡಿ. ಮನುಷ್ಯನ ರಕ್ತದಲ್ಲಿ ಈ ವೈರಸ್ ಸೊಳ್ಳೆಗೆ ಹತ್ತುವಷ್ಟು ಏರುವುದಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಉತ್ತರದ ಕಾಯಿಲೆಯೂ ಅಲ್ಲ, ಜೆನ್‌ವ್ಯಾಕ್ ಅನ್ನುವ ಜೆಇ ಲಸಿಕೆ ಮಾಡಿದ್ದೇ ನಮ್ಮ ಕೋಲಾರದಲ್ಲಿ ಸಿಕ್ಕ ವೈರಸ್ ತಳಿಯಿಂದ.

ಸೋಮವಾರಪೇಟೆ ಆಶಾ:
ನಾನು ಆಶಾ ಕಾರ್ಯಕರ್ತೆ. ಲೈನ್ ಮನೆಗಳ ಲೆಕ್ಕ ಎಷ್ಟು ಕಷ್ಟ ಅಂತ ನಮಗೇ ಗೊತ್ತು. ಇವತ್ತು ಇದ್ದ ಕುಟುಂಬ ಮುಂದಿನ ತಿಂಗಳು ಬೇರೆ ತೋಟದಲ್ಲಿರುತ್ತದೆ. ಆಧಾರ್ ವಿಳಾಸ ಅಸ್ಸಾಂದು, ಮಲಗಿದ್ದು ಮೈಸೂರಿನ ಆಸ್ಪತ್ರೆಯಲ್ಲಿ, ಸೊಳ್ಳೆ ಕಚ್ಚಿದ್ದು ಇಲ್ಲಿ. ಹೀಗಿದ್ದರೆ ಆ ಕೇಸ್ ನಮ್ಮ ಜಿಲ್ಲೆಯ ಪಟ್ಟಿಗೆ ಬರುವುದೇ ಅನುಮಾನ. ಕಚ್ಚಿದ 4ರಿಂದ 14 ದಿನದಲ್ಲಿ ಕಾಯಿಲೆ ಕಾಣುತ್ತದೆ, ಹಾಗಾಗಿ ಜ್ವರಕ್ಕೆ ಮೊದಲಿನ ಎರಡು ವಾರ ಮಗು ಎಲ್ಲಿತ್ತು ಅಂತ ಕೇಳಿ ಬರೆಯಲೇಬೇಕು.

ಗದ್ದೆಬದಿ:
ಎಲ್ಲರಿಗೂ ಧನ್ಯವಾದ. ಮಗು ತಿಂಗಳಿಂದ ಇಲ್ಲೇ ಇತ್ತು, ಅದು ನನಗೆ ಗೊತ್ತು. ಆಶಾ ಅಕ್ಕಾ, ಪಂಚಾಯಿತಿಯಿಂದ ಈಗಲೇ ಆಗುವುದು ಏನು?

ಸೋಮವಾರಪೇಟೆ ಆಶಾ:
ಎರಡು ಕೆಲಸ. ತೋಟದ ಮಾಲೀಕರಿಂದ ಲೈನ್ ಮನೆಗಳಲ್ಲಿರುವ 15 ವರ್ಷದೊಳಗಿನ ಮಕ್ಕಳ ಪಟ್ಟಿ ತರಿಸಿ. ಪಟ್ಟಿಯೇ ಇಲ್ಲದಿದ್ದರೆ ಎಷ್ಟು ಮಕ್ಕಳಲ್ಲಿ ಒಂದು ಕೇಸ್ ಅಂತಲೂ ಹೇಳಲಾಗದು, ಯಾರಿಗೆ ಲಸಿಕೆ ಆಗಿಲ್ಲ ಅಂತಲೂ ತಿಳಿಯದು. ಜೆಇ ಲಸಿಕೆ ಕಾರ್ಯಕ್ರಮ ಇರುವ ಜಿಲ್ಲೆಗಳಲ್ಲಿ 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್. ತಾಯಿ ಕಾರ್ಡ್ ನೋಡಿ ಬರೆದುಕೊಳ್ಳಿ. ಎರಡನೆಯದು, ಜ್ವರದ ಜೊತೆ ಫಿಟ್ಸ್ ಬಂದ, ಗೊಂದಲವಾಗಿ ಮಾತಾಡಿದ ಯಾರೇ ಇದ್ದರೂ ಅದೇ ದಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜೆಇ ಅಲ್ಲದಿದ್ದರೂ ಸರಿ. ಸ್ಕ್ರಬ್ ಟೈಫಸ್ ಅನ್ನುವ ಬೇರೆ ಜ್ವರ ಕೂಡ ಹೀಗೇ ಕಾಣುತ್ತದೆ, ಅದಕ್ಕೆ ಮಾತ್ರೆ ಇದೆ, ಬೇಗ ಹೋದರೆ ಜೀವ ಉಳಿಯುತ್ತದೆ. ಮತ್ತೆ ಆ ಮಗುವಿನ ಕೈಗೆ ಫಿಸಿಯೋಥೆರಪಿ ಶುರುವಾಗಿದೆಯಾ, ನೋಡಿ ತಿಳಿಸಿ.