ಕೈಯಲ್ಲಿ ಮಾಡಿದ ಗಿಟಾರಿಗೆ ಯಾವ ಟ್ಯೂನಿಂಗ್ ಕೀ ಹಾಕಲಿ?

ಬ್ರಹ್ಮಪುರ ಬಡಗಿ
ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಮನೆಯಲ್ಲೇ ಗಿಟಾರ್ ಮಾಡುತ್ತೇನೆ. ಈಗ ಮೂರನೆಯದು ನಡೆದಿದೆ. ಚಿಕ್ಕ ಒಡಲಿನ ಪಾರ್ಲರ್ ಗಿಟಾರ್, ಸ್ಟೀಲ್ ತಂತಿ. ಹಿಂಬದಿ ಮತ್ತು ಪಕ್ಕಕ್ಕೆ ಬೀಟೆ, ಕುತ್ತಿಗೆಗೆ ಸಾಗವಾನಿ. ಬೀದರಿನ ಒಂದು ಚರ್ಚಿನಲ್ಲಿ ಹಾಡುವ ಹುಡುಗಿಗೆ ಕೊಡಬೇಕು. ಗಿಟಾರಿನ ತಲೆಯಲ್ಲಿ ಕೀಗೆ ಇನ್ನೂ ತೂತು ಕೊರೆದಿಲ್ಲ.

ತಂತಿ ಬಿಗಿದು ಶ್ರುತಿ ಮಾಡುವ ಕೀಗಳ ಎರಡು ಸೆಟ್ ನೋಡಿಟ್ಟಿದ್ದೇನೆ. ಒಂದು ಗ್ರೋವರ್ ರೋಟೋಮ್ಯಾಟಿಕ್, ಪೂರ್ತಿ ಮುಚ್ಚಿದ್ದು, 18:1. ಇನ್ನೊಂದು ಗೋಟೋ, ಹಿಂದೆ ಗೇರ್ ಕಾಣುವ ತೆರೆದ ನಮೂನೆ, 15:1. ಮೊದಲಿನ ಎರಡು ಗಿಟಾರಿಗೆ ಹೆಸರಿಲ್ಲದ ಅಗ್ಗದ ಕೀ ಹಾಕಿ ಕೈ ಸುಟ್ಟುಕೊಂಡೆ. ವರ್ಷದೊಳಗೆ ಗೇರಿನಲ್ಲಿ ಆಟ ಬಂತು. 18:1 ಅಂದರೆ ಶ್ರುತಿ ಜಾಸ್ತಿ ನಿಲ್ಲುತ್ತದೆ ಅಂತ ನನ್ನ ಲೆಕ್ಕ. ಸರಿನಾ?

ಶಹಾಬಾದ್ ತಂತಿ
ಅಣ್ಣಾ, ಯೋಚನೆಯೇ ಬೇಡ. ಮುಚ್ಚಿದ್ದೇ ಹಾಕಿ. ನಮ್ಮ ಕಡೆ ಧೂಳು ಹೇಗಿದೆ ಅಂತ ನಿಮಗೆ ಹೇಳಬೇಕಾ? ನಮ್ಮ ಮನೆ ಫರ್ಸಿ ಪಾಲಿಶ್ ಮಾಡುವ ಕಾರ್ಖಾನೆಗಳ ಪಕ್ಕದಲ್ಲಿದೆ. ಬೆಳಿಗ್ಗೆ ಒರೆಸಿದ ಗಿಟಾರ್ ಮೇಲೆ ಸಂಜೆ ಬೆರಳಿಂದ ಹೆಸರು ಬರೆಯಬಹುದು. ತೆರೆದ ಗೇರಿನ ಗ್ರೀಸಿಗೆ ಆ ಕಲ್ಲಿನ ಪುಡಿ ಕೂತರೆ ಉಜ್ಜುಕಾಗದ ಹಾಕಿ ತಿರುಗಿಸಿದ ಹಾಗೆ. ಹಲ್ಲು ಸವೆಯದೆ ಇರುತ್ತದಾ?

ಸಿತಾರ್ ಕಾಕಾ
ಬಡಗಿ ತಮ್ಮಾ, ನಿನ್ನ ಲೆಕ್ಕ ಮೊದಲು ಸರಿ ಮಾಡಿಕೋ. 18:1 ಅಂದರೆ ಗುಂಡಿಯನ್ನು 18 ಸುತ್ತು ತಿರುಗಿಸಿದರೆ ತಂತಿ ಸುತ್ತುವ ಕಂಬ ಒಂದು ಸುತ್ತು ತಿರುಗುತ್ತದೆ ಅಂತ, ಅಷ್ಟೇ. ಶ್ರುತಿ ನಿಲ್ಲುವುದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. ಕೀಯಲ್ಲಿ ಗುಂಡಿಯ ತಿರುಪಿನಂಥ ದಂಡ (ವರ್ಮ್) ಕಂಬದ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಈ ವರ್ಮ್ ಗೇರಿನ ಗುಣ ಹೇಗಿದೆ ಅಂದರೆ, ಗುಂಡಿ ತಿರುಗಿಸಿದರೆ ಕಂಬ ತಿರುಗುತ್ತದೆ. ತಂತಿ ಎಳೆದರೆ ಗುಂಡಿ ತಿರುಗುವುದಿಲ್ಲ. 14:1 ಇರಲಿ, 18:1 ಇರಲಿ, ಇದು ಒಂದೇ.

ನಾನು ತಂಬೂರಿ, ಸಿತಾರ್ ರಿಪೇರಿ ಮಾಡುವವನು. ತಂಬೂರಿಯ ಬಿರಡೆಗೆ ಗೇರೇ ಇಲ್ಲ, 1:1. ಮರ ಮರಕ್ಕೆ ಕಚ್ಚಿ ಕೂತಿರುತ್ತದೆ. ಚೆನ್ನಾಗಿ ಕೂರಿಸಿದ ಬಿರಡೆ ರಾತ್ರಿಯಿಡೀ ಭಜನೆ ನಡೆದರೂ ಜಾರುವುದಿಲ್ಲ. ಗಿಟಾರ್ ಶ್ರುತಿ ತಪ್ಪಿತು ಅಂತ ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರ ತಪ್ಪು ಕೀಯಲ್ಲಿ ಇರಲಿಲ್ಲ, ನಟ್‌ನಲ್ಲಿ, ಅಂದರೆ ತಲೆ ಮತ್ತು ಕುತ್ತಿಗೆ ಸೇರುವಲ್ಲಿ ತಂತಿ ಹಾಯುವ ಸಣ್ಣ ತುಂಡಿನಲ್ಲಿ ಇತ್ತು. ಅದರಲ್ಲಿ ತಂತಿ ಕೂರುವ ಕಚ್ಚು ಬಿಗಿಯಾಗಿದ್ದರೆ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕೀ ತಿರುಗಿಸುತ್ತೀರಿ, ಏನೂ ಆಗುವುದಿಲ್ಲ. ಆಮೇಲೆ "ಟಿಕ್" ಅಂತ ಒಮ್ಮೆಲೆ ಹಾರುತ್ತದೆ. ಆ ಶಬ್ದ ಕೇಳಿದರೆ ಕೀ ಬದಲಿಸಬೇಡಿ. ಕಚ್ಚನ್ನು ಸಣ್ಣ ಅರದಿಂದ ತಿದ್ದಿ, ಪೆನ್ಸಿಲ್ ಪುಡಿ ಹಾಕಿ.

ಯಾದಗಿರಿ ಟೀಚರ್
ಕಾಕಾ, ನಟ್ ವಿಷಯ ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಅನುಪಾತಕ್ಕೆ ಬೆಲೆ ಇಲ್ಲ ಅನ್ನುವಂತೆ ಮಾತಾಡಬೇಡಿ. ನಾನು ಮಕ್ಕಳಿಗೆ ಗಿಟಾರ್ ಕಲಿಸುತ್ತೇನೆ.

ಒಂದು ಲೆಕ್ಕ ಹಾಕಿ ನೋಡಿ. ಕಂಬದ ದಪ್ಪ ಸುಮಾರು 6 ಮಿ.ಮೀ. ಅದರ ಸುತ್ತಳತೆ ಸುಮಾರು 19 ಮಿ.ಮೀ. ಗುಂಡಿ ಒಂದು ಸುತ್ತು ತಿರುಗಿದರೆ 14:1ರಲ್ಲಿ ತಂತಿ ಸುಮಾರು 1.4 ಮಿ.ಮೀ. ಎಳೆಯುತ್ತದೆ, 18:1ರಲ್ಲಿ ಸುಮಾರು 1.1 ಮಿ.ಮೀ. ಕೇಳೋಕೆ ಚಿಕ್ಕ ಸಂಖ್ಯೆ. ಆದರೆ ಸ್ಟೀಲ್ ತಂತಿ ಹಿಗ್ಗುವುದೇ ಕಡಿಮೆ. 1 ಮಿ.ಮೀ. ಎಳೆದರೆ ಸಣ್ಣ ತಂತಿ ಒಂದೂವರೆ ಮನೆಯಷ್ಟು (ಫ್ರೆಟ್) ಮೇಲಿನ ಸ್ವರಕ್ಕೆ ಏರಿಬಿಡುತ್ತದೆ. ಒಳಗಿನ ತಿರುಳು ಗಟ್ಟಿ ಇರುವ ದಪ್ಪ ತಂತಿ ಇನ್ನೂ ಜಾಸ್ತಿ. ಗ್ರಾಫ್ ಟೆಕ್ ಕಂಪನಿ ತನ್ನ ರೇಶಿಯೋ ಅನ್ನುವ ಸೆಟ್‌ನಲ್ಲಿ ಆರು ತಂತಿಗೂ ಬೇರೆ ಬೇರೆ ಅನುಪಾತ ಕೊಟ್ಟಿದ್ದು ಇದೇ ಕಾರಣಕ್ಕೆ. ಪುಟ್ಟ ಕೈಗಳು ಗುಂಡಿಯನ್ನು ಅರ್ಧ ಸುತ್ತು ಜಾಸ್ತಿ ತಿರುಗಿಸಿದರೆ 18:1ರಲ್ಲಿ ತಂತಿ ಉಳಿಯುವ ಅವಕಾಶ ಹೆಚ್ಚು.

ನೈಲಾನ್ ತಂತಿ ಆದರೆ ಮಾತು ಬೇರೆ. ಅದು ತುಂಬ ಹಿಗ್ಗುತ್ತದೆ. ಅಲ್ಲಿ 14:1 ಸಾಕು.

ಸಿತಾರ್ ಕಾಕಾ
ಒಪ್ಪಿದೆ ತಾಯಿ. ಸೂಕ್ಷ್ಮಕ್ಕೆ ಅನುಪಾತ, ನಿಲ್ಲುವುದಕ್ಕೆ ನಟ್ ಮತ್ತು ಸುತ್ತು. ಕಂಬದ ಮೇಲೆ ಎರಡು ಮೂರು ಸುತ್ತು ಸಾಕು, ಒಂದರ ಮೇಲೊಂದು ಏರಬಾರದು. ಯಾವಾಗಲೂ ಕೆಳಗಿನಿಂದ ಮೇಲೆ ಶ್ರುತಿಗೆ ಬರಬೇಕು. ಮೇಲೆ ಹೋದರೆ ಶ್ರುತಿಗಿಂತ ಕೆಳಗೆ ಇಳಿಸಿ ಮತ್ತೆ ಏರಿಸಿ. ಆಗ ಹಲ್ಲಿನ ನಡುವಿನ ಆಟ ಒಂದೇ ಕಡೆ ಒತ್ತಿ ಕೂರುತ್ತದೆ.

ಬಿದ್ರಿ ಮನೆ
ಬೀದರಿನಿಂದ ಬರೆಯುತ್ತಿದ್ದೇನೆ. ಗಿಟಾರ್ ನಮ್ಮೂರಿಗೆ ಬರುತ್ತಿದೆ ಅಂತ ಓದಿ ಖುಷಿಯಾಯಿತು. ನಮ್ಮ ಮನೆಯಲ್ಲಿ ಬಿದ್ರಿ ಕೆಲಸ ಮಾಡುತ್ತಾರೆ. ಅಣ್ಣಾ, ತಿರುಗಿಸುವ ಆರು ಗುಂಡಿಯನ್ನು ಬಿದ್ರಿಯಲ್ಲಿ ಮಾಡಿದರೆ? ಕರಿ ಗುಂಡಿ, ಮೇಲೆ ಬೆಳ್ಳಿ ಬಳ್ಳಿ. ಆ ಹುಡುಗಿ ಜೀವನಪೂರ್ತಿ ಇಟ್ಟುಕೊಳ್ಳುತ್ತಾಳೆ.

ಬ್ರಹ್ಮಪುರ ಬಡಗಿ
ಓದಿದ ಕೂಡಲೇ ಮೈ ಜುಮ್ ಅಂತು. ಮಾಡೋಣವಾ?

ಶಹಾಬಾದ್ ತಂತಿ
ಚೆಂದ ಕಾಣುತ್ತದೆ, ಸುಳ್ಳಲ್ಲ. ಆದರೆ ತೂಕ?

ಬಿದ್ರಿ ಮನೆ
ಅದನ್ನೇ ಅಪ್ಪನ ಹತ್ತಿರ ಕೇಳಿ ಬಂದೆ. ಬಿದ್ರಿ ಅಂದರೆ ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ. 16 ಪಾಲಿಗೆ 1 ಪಾಲು ಅಂತ ಹಾಕುವ ರೂಢಿ ಇದೆ. ಗುಂಡಿಗೆ ಹಾಕುವ ಎಬೊನಿ ಅನ್ನುವ ಕರಿಮರಕ್ಕಿಂತ ಸತು ಆರು ಪಟ್ಟು ಭಾರ. ಆರು ಗುಂಡಿ ಸೇರಿದರೆ ತಲೆಯ ಮೇಲೆ ನೂರು ಗ್ರಾಂ ಹತ್ತಿರ ಏರಬಹುದು. ಇನ್ನೊಂದು ಮಾತು. ಎರಕದ ಸತು ಬಾಗುವುದಿಲ್ಲ, ಮುರಿಯುತ್ತದೆ. ಗುಂಡಿಯ ಕತ್ತು ಸಣ್ಣಗಿದ್ದರೆ ಒಂದು ಏಟಿಗೆ ಹೋಯಿತು. ಕೋಟೆಯ ಮಣ್ಣು, ನವಸಾಗರ ಹಾಕಿ ತಂದ ಕಪ್ಪು ಬಣ್ಣ ಕೂಡ ದಿನಾ ಬೆವರಿನ ಬೆರಳು ತಾಗಿದರೆ ಮಂಕಾಗುತ್ತದೆ. ಹೂದಾನಿಗೆ ಆಗಾಗ ಕೊಬ್ಬರಿ ಎಣ್ಣೆ ಒರೆಸುತ್ತೇವೆ. ಗುಂಡಿಗೆ ಎಣ್ಣೆ ಹಚ್ಚಿದರೆ ಕೈ ಜಾರುತ್ತದೆ.

ನಾನೇ ಹೇಳಿದ್ದನ್ನು ನಾನೇ ಹಿಂದೆ ತೆಗೆದುಕೊಳ್ಳುತ್ತೇನೆ. ಗುಂಡಿ ಬೇಡ. ತಲೆಯ ಮುಂಭಾಗಕ್ಕೆ ಒಂದು ತೆಳು ಬಿಲ್ಲೆ ಮಾಡಿಕೊಡುತ್ತೇವೆ. ಯಾರ ಕೈಯೂ ತಾಗುವುದಿಲ್ಲ, ಬಣ್ಣ ಉಳಿಯುತ್ತದೆ.

ಅಂದಹಾಗೆ, ಮುಚ್ಚಿದ ಕೀಗಳ ಎರಕದ ಒಡಲು ಕೂಡ ಸತುವಿನ ಮಿಶ್ರಣವೇ. ಅವು ಭಾರ ಇರುವುದು ಅದಕ್ಕೇ.

ಯಾದಗಿರಿ ಟೀಚರ್
ಈ ತೂಕದ ಮಾತು ಎಲ್ಲಕ್ಕಿಂತ ಮುಖ್ಯ. ಬಡಗಿ ಅವರೇ, ನಿಮ್ಮದು ಪಾರ್ಲರ್ ಗಿಟಾರ್. ಒಡಲು ಹಗುರ. ನನ್ನ ಹತ್ತಿರ ಎರಡೂ ನಮೂನೆ ಇವೆ. ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಿದೆ. ಮುಚ್ಚಿದ ಸೆಟ್ 250 ಗ್ರಾಂ ಹತ್ತಿರ, ತೆರೆದ ಸೆಟ್ 160 ಗ್ರಾಂ ಹತ್ತಿರ. 90 ಗ್ರಾಂ ಏನು ಮಹಾ ಅನಿಸಬಹುದು. ಆದರೆ ಅದು ಕುತ್ತಿಗೆಯ ತುದಿಯಲ್ಲಿ ಕೂರುತ್ತದೆ. ಪಟ್ಟಿ ಹಾಕಿ ನಿಂತು ಹಾಡುವ ಹುಡುಗಿ ಹಾಡಿನುದ್ದಕ್ಕೂ ಎಡಗೈಯಲ್ಲಿ ತಲೆ ಎತ್ತಿ ಹಿಡಿಯಬೇಕಾಗುತ್ತದೆ. ಮಣಿಕಟ್ಟು ನೋಯುತ್ತದೆ. ದೊಡ್ಡ ಒಡಲಿನ ಗಿಟಾರಿಗೆ ಮುಚ್ಚಿದ್ದೇ ಹಾಕಿ ಅನ್ನುತ್ತಿದ್ದೆ. ಇದಕ್ಕೆ ಬೇಡ.

ಶಹಾಬಾದ್ ತಂತಿ
ಮತ್ತೆ ಧೂಳು?

ಸಿತಾರ್ ಕಾಕಾ
ತೆರೆದದ್ದನ್ನು ಒರೆಸಬಹುದು ತಮ್ಮಾ. ಹಳೆ ಹಲ್ಲುಜ್ಜುವ ಬ್ರಷ್, ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ. ಆರು ತಿಂಗಳಿಗೊಮ್ಮೆ. ಮುಚ್ಚಿದ್ದು ಒಳಗೆ ಸವೆದರೆ ಬಿಚ್ಚಲು ದಾರಿಯಿಲ್ಲ, ಬಿಸಾಡಬೇಕು.

ಶಹಾಬಾದ್ ತಂತಿ
ಎಷ್ಟು ಜನ ಆರು ತಿಂಗಳಿಗೊಮ್ಮೆ ಒರೆಸುತ್ತಾರೆ ಕಾಕಾ? ನೀವು ಒರೆಸುತ್ತೀರಿ, ಅದು ನಿಮ್ಮ ಕಸುಬು. ಗಿರಾಕಿ ಒರೆಸುವುದಿಲ್ಲ. ನನ್ನ ಮುಚ್ಚಿದ ಸೆಟ್ ಒಂಬತ್ತು ವರ್ಷದಿಂದ ಹಾಗೇ ಇದೆ. ಒಂದು ದಿನವೂ ಬ್ರಷ್ ಮುಟ್ಟಿಲ್ಲ. ನನ್ನ ಊರಿಗೆ ನನ್ನ ಮಾತೇ ಸರಿ.

ಸಿತಾರ್ ಕಾಕಾ
ನಿನ್ನ ಊರಿಗೆ ಒಪ್ಪಿದೆ. ಈ ಗಿಟಾರ್ ಇರುವುದು ಬೀದರಿನಲ್ಲಿ.

ಬಡಗಿ ತಮ್ಮಾ, ತೂತಿನ ವಿಷಯ ಕೇಳು. ರೋಟೋಮ್ಯಾಟಿಕ್ ನಮೂನೆಗೆ 10 ಮಿ.ಮೀ. ತೂತು ಬೇಕು. ಹಳೆ ನಮೂನೆಯ ತೆರೆದ ಕೀಗೆ ಸುಮಾರು 8.8 ಮಿ.ಮೀ. ಚಿಕ್ಕದನ್ನು ಮುಂದೆ ದೊಡ್ಡದು ಮಾಡಬಹುದು, ದೊಡ್ಡದನ್ನು ಚಿಕ್ಕದು ಮಾಡುವುದು ಕಷ್ಟ. ಪಾಲಿಶ್ ಹೊಡೆದ ಮೇಲೆ ತೂತು ಕೂದಲಷ್ಟು ಕಿರಿದಾಗುತ್ತದೆ. ತೂತಿನಲ್ಲಿ ಕೂರುವ ಲೋಹದ ಉಂಗುರವನ್ನು, ಅಂದರೆ ಬುಶ್ಶನ್ನು, ಸುತ್ತಿಗೆಯಿಂದ ಹೊಡೆದು ಕೂರಿಸಬೇಡ. ತೂತು ಹಿಗ್ಗಿಸುವ ರೀಮರ್ ಹಾಕಿ ನಿಧಾನ ಬಿಡಿಸಿಕೋ. ಹಿಂದೆ ಒಂದು ಸಲ ಅವಸರದಲ್ಲಿ ಹೊಡೆದು ಬೀಟೆ ಹಲಗೆ ಸೀಳಿಸಿದ್ದೆ. ಇವತ್ತಿಗೂ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಸಣ್ಣ ಸ್ಕ್ರೂ ಕೂಡ ಹುಷಾರು. ಮೊದಲು ತೂತು ಮಾಡಿ, ಸ್ಕ್ರೂಗೆ ಸಾಬೂನು ಸವರಿ ಹಾಕು. ಇಲ್ಲದಿದ್ದರೆ ಸ್ಕ್ರೂವಿನ ತಲೆ ಮುರಿದು ಮಿಕ್ಕ ಭಾಗ ಮರದೊಳಗೇ ಉಳಿಯುತ್ತದೆ. ಎಡ, ಬಲ ಕೀ ಅದಲುಬದಲು ಆಗದಂತೆ ನೋಡಿಕೋ. ತಂತಿ ಕಂಬವನ್ನು ನಟ್ ಕಡೆ ಎಳೆಯುತ್ತದೆ. ವರ್ಮ್ ನಟ್ ಕಡೆ ಇದ್ದರೆ ಆ ಎಳೆತವೇ ಗೇರನ್ನು ವರ್ಮ್‌ಗೆ ಒತ್ತಿ ಹಿಡಿಯುತ್ತದೆ.

ಬ್ರಹ್ಮಪುರ ಬಡಗಿ
ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ಒಂದು ಕೆಲಸ ಮಾಡಿದೆ. ಖಾಲಿ ಗಿಟಾರಿನ ತಲೆಗೆ 160 ಗ್ರಾಂ ತೊಗರಿಬೇಳೆ ಚೀಲದಲ್ಲಿ ಕಟ್ಟಿ, ಪಟ್ಟಿ ಹಾಕಿ ನಿಂತೆ. ಕುತ್ತಿಗೆ ಅಡ್ಡಕ್ಕೆ ನಿಂತಿತು. 250 ಗ್ರಾಂ ಕಟ್ಟಿದೆ. ಕೈ ಬಿಟ್ಟ ತಕ್ಷಣ ತಲೆ ನೆಲ ನೋಡಿತು. ಹಾಗಾಗಿ ತೆರೆದ ಗೋಟೋ 15:1, ಎಬೊನಿ ಗುಂಡಿ. ಮುಂದೆ ಬಿದ್ರಿ ಬಿಲ್ಲೆ. ಟೀಚರ್ ಅಕ್ಕಾ, 18:1ರ ಸೂಕ್ಷ್ಮ ಬಿಟ್ಟುಕೊಟ್ಟೆ. ಬದಲಿಗೆ ಮೂಳೆಯ ನಟ್ ಮೇಲೆ ಎರಡು ದಿನ ಜಾಸ್ತಿ ಕೂರುತ್ತೇನೆ. ಇವತ್ತೇ ತೂತು ಕೊರೆಯಲಾ?

ಸಿತಾರ್ ಕಾಕಾ
ಸೆಟ್ ಕೈಗೆ ಬರುವ ತನಕ ಡ್ರಿಲ್ ಮುಟ್ಟಬೇಡ. ಬಂದ ಮೇಲೆ ಬುಶ್ಶನ್ನು ವರ್ನಿಯರ್‌ನಲ್ಲಿ ಅಳೆ. ಮೊದಲು ಸಾಗವಾನಿಯ ತುಂಡಿನಲ್ಲಿ ಕೊರೆದು ನೋಡು.

ಬಿದ್ರಿ ಮನೆ
ಬಿಲ್ಲೆಯ ಅಳತೆಯನ್ನು ಕಾಗದದ ಮೇಲೆ ಗೆರೆ ಹಾಕಿ ಕಳಿಸಿ ಅಣ್ಣಾ. ದಪ್ಪ 2 ಮಿ.ಮೀ. ಮೀರಬಾರದು ಅಂತ ಅಪ್ಪ ಹೇಳಿದ್ದಾರೆ. ಬಳ್ಳಿ ಬೇಕಾ, ಅಸ್ರಫಿ ಹೂ ಬೇಕಾ ಅಂತ ಆ ಹುಡುಗಿಯನ್ನೇ ಕೇಳಿ.